ಕಾಯಿ ಗೀರುವ ಹಜ್ಜುಮ್ಮ

ನಸೀಮಳಿಗೆ ಸಣ್ಣಂದಿನಿಂದಲೂ ಒಂದು ಚಾಳಿ. ಯಾವ ಸಂಗತಿಯನ್ನೂ ಅದರ ಪಾಡಿಗೆ ಬಿಡಲಿಕ್ಕೆ ಅವಳಿಂದಾಗದು. ಬಾವಿಗೆ ಬಿದ್ದ ಕೊಡ ಎತ್ತುವವರನ್ನು ಕಂಡರೆ ಅದು ಬಿದ್ದದ್ದು ಹೇಗೆ ಎಂದು ಕೇಳಬೇಕು. ಮದುವೆ ಮನೆಯಲ್ಲಿ ಬಿರಿಯಾನಿ ತಿಂದರೆ ದಮ್ಮಿಗೆ ಎಷ್ಟು ಕೆಂಡ ಇಟ್ಟಿರಿ ಎಂದು ಅಡುಗೆಯವನ ಹಿಂದೆ ಹೋಗಬೇಕು. "ಇವಳು ಇರುವೆಯನ್ನೂ ನಿಲ್ಲಿಸಿ ಎಲ್ಲಿಗೆ ಹೊರಟೆ ಅಂತ ಕೇಳುವವಳು" ಎಂದು ಉಪ್ಪಿನಂಗಡಿಯ ಮನೆಗೆ ಬಂದವರ ಮುಂದೆಲ್ಲ ಅವಳ ಉಮ್ಮ ಬೀಫಾತಿಮ ಹೇಳುತ್ತಿದ್ದರು.

ಇಂಥವಳನ್ನು ತಂದು ರುವೈಸಿನಲ್ಲಿ ಕೂರಿಸಿದರೆ ಹೇಗಾಗಬೇಡ? ಗಂಡ ಯಾಕೂಬನಿಗೆ ಅಲ್ಲಿಯ ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಿದ್ದರಿಂದ ದುಬೈಯ ಗಲಾಟೆಯಲ್ಲಿ ವರ್ಷಗಟ್ಟಲೆ ಇದ್ದ ಸಂಸಾರ ದೇಶದ ಪಶ್ಚಿಮದ ತುದಿಗೆ ಬಂದುಬಿದ್ದಿತ್ತು. ಮಗಳು ಸಬೀನ ಸಿಲಿಕಾನ್ ಓಯಸಿಸಿನ ಆಫೀಸೊಂದರಲ್ಲಿ ಕೆಲಸಕ್ಕಿದ್ದವಳು ಅಲ್ಲೇ ಗೆಳತಿಯರ ಜೊತೆ ಉಳಿದಳು. ರುವೈಸಿನಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಚಿಮಣಿಗಳು, ನಡುವೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಕಂಪೆನಿ ಮನೆಗಳ ಸಾಲು. ಯಾಕೂಬ ಶಿಫ್ಟಿಗೆ ಹೋದರೆ ಮನೆಯೊಳಗೆ ಏಸಿಯ ಸದ್ದೊಂದೇ. ಬಿಸಿಲು ತಗ್ಗಿ ನವೆಂಬರ್ ಬಂದದ್ದೇ ನಸೀಮ ಬೆಳಿಗ್ಗೆ ನಡೆಯಲಿಕ್ಕೆ ಶುರುಮಾಡಿದಳು.

ಹಾಗೆ ನಡೆಯುವಾಗಲೇ ಮರ ಕಂಡದ್ದು. ಕಾಲನಿಯ ಹಿಂಬದಿಯಲ್ಲಿ, ಈಗ ಯಾರೂ ಬಳಸದ ಹಳೆಯ ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಕೊಡೆ ಬಿಚ್ಚಿದಂತೆ ಅಗಲಕ್ಕೆ ಹರಡಿ ನಿಂತಿತ್ತು. ಆ ಊರಿನ ಮರಗಳೆಂದರೆ ರಸ್ತೆ ಬದಿಯ ಖರ್ಜೂರ, ಬೇವು, ಬೇಲಿಗೆ ಹಾಕಿದ ಗಿಡಗಳು, ಅಷ್ಟೇ. ಇದು ಯಾವುದೂ ಅಲ್ಲ. ಹತ್ತಿರ ಹೋಗಿ ನೋಡಿದರೆ ಕಾಯಿಗಳು ಕೊಂಬೆಯ ತುದಿಯಲ್ಲಿಲ್ಲ, ಕಾಂಡದ ಮೈಯಿಂದಲೇ ಗೊಂಚಲಾಗಿ ಎದ್ದಿವೆ. ನಸೀಮ ನಿಂತಲ್ಲೇ ನಿಂತಳು. ಅತ್ತಿ! ಊರಿನ ತೋಡಿನ ಬದಿಯ ಅತ್ತಿ ಈ ಮರಳಿಗೆ ಹೇಗೆ ಬಂತು? ಎಲೆ ನೋಡಿದಳು, ತುಸು ಬೇರೆ, ಉರುಟು, ಒರಟು. ಅತ್ತಿಯ ಅಕ್ಕನೋ ತಂಗಿಯೋ ಇರಬೇಕು ಅಂದುಕೊಂಡಳು.

ಅದಲ್ಲ ವಿಚಿತ್ರ. ಕೈಗೆಟಕುವ ಎತ್ತರದ ಕಾಯಿಗಳಿಗೆಲ್ಲ ಒಂದೊಂದು ಗಾಯವಿತ್ತು. ಬದಿಯಲ್ಲಿ ಉಗುರಿನಷ್ಟಗಲದ ಒಂದೇ ಕಚ್ಚು, ಅಲ್ಲಿ ಹಾಲು ಒಸರಿ ಒಣಗಿತ್ತು. ಹಕ್ಕಿ ಕುಕ್ಕಿದ್ದಾದರೆ ಇಷ್ಟು ನೇರ ಇರುವುದಿಲ್ಲ. ಯಾರೋ ಕತ್ತಿ ಹಿಡಿದು ಗೀರಿದ್ದಾರೆ. ಕೊಯ್ದಿಲ್ಲ, ಗೀರಿ ಬಿಟ್ಟು ಹೋಗಿದ್ದಾರೆ. ಯಾರು? ಯಾಕೆ?

ಶಿಫ್ಟು ಮುಗಿಸಿ ಬಂದ ಯಾಕೂಬನಿಗೆ ಊಟಕ್ಕಿಂತ ಮುಂಚೆ ಈ ಸುದ್ದಿ ಬಡಿಸಿಯಾಯಿತು. ಮಕ್ಕಳ ಕಿತಾಪತಿ ಇರಬೇಕು, ಬಿಟ್ಟುಬಿಡು ಎಂದು ಅವನು ಮೀನಿನ ಮುಳ್ಳು ಬಿಡಿಸುತ್ತ ಹೇಳಿದ. ಮಕ್ಕಳಾದರೆ ಎಲ್ಲ ಕಾಯಿಗೂ ಒಂದೇ ಬದಿಗೆ, ಒಂದೇ ಅಳತೆಗೆ ಗೀರುತ್ತಾರಾ ಎಂದು ಅವಳು ಕೇಳಿದ್ದಕ್ಕೆ ಅವನು ಇನ್ನೊಂದು ತುಂಡು ಮೀನು ಬಡಿಸಿಕೊಂಡ. ಪಕ್ಕದ ಮನೆಯ ಗರ್ಟ್ರೂಡ್ ಶಿರ್ವದವಳು, ಆಸ್ಪತ್ರೆಯಲ್ಲಿ ನರ್ಸು. ಅವಳು ಕಂಪೆನಿಯವರೇ ಹುಳು ಬಿದ್ದಿದೆಯೋ ಅಂತ ಪರೀಕ್ಷೆ ಮಾಡುತ್ತಿರಬಹುದು ಎಂದಳು. ಅದೂ ನಸೀಮಳ ಮನಸ್ಸಿಗೆ ಕೂರಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಹೊಸ ಕಾಯಿಗಳಿಗೂ ಗಾಯವಾಗಿತ್ತು. ಹಳೆಯವು ಕೆಲವು ಮಾಯವಾಗಿದ್ದವು.

ಬೆಳಿಗ್ಗೆ ಹೋದರೆ ಯಾರೂ ಇಲ್ಲ. ಮಧ್ಯಾಹ್ನ ಹೋದರೂ ಇಲ್ಲ. ಕೊನೆಗೆ ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಹೋಗಿ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಕಪ್ಪು ನಿಲುವಂಗಿ ತೊಟ್ಟು ತಲೆಗೆ ಬಿಗಿಯಾಗಿ ವಸ್ತ್ರ ಸುತ್ತಿದ ಮುದುಕಿಯೊಬ್ಬರು ಮೊಣಕಾಲು ಎಳೆಯುತ್ತ ಬಂದರು. ಮರದ ಬುಡದಲ್ಲಿ ನಿಂತು ಬಿಸ್ಮಿ ಹೇಳಿದರು. ತೋಳಿನೊಳಗಿಂದ ತರಕಾರಿ ಹೆಚ್ಚುವ ಸಣ್ಣ ಕತ್ತಿ ತೆಗೆದು, ಕೂಸಿನ ಕಿವಿ ಚುಚ್ಚುವವರ ಹಾಗೆ ಹಗುರವಾಗಿ ಒಂದೊಂದೇ ಕಾಯಿಯನ್ನು ಹಿಡಿದು ಗೀರುತ್ತ ಹೋದರು.

ನಸೀಮ ಎದ್ದು ಸಲಾಂ ಹೇಳಿದಳು. ಮುದುಕಿ ಬೆಚ್ಚಲಿಲ್ಲ. ಸಲಾಮಿಗೆ ಸಲಾಂ ಕೊಟ್ಟು ಕೆಲಸ ಮುಂದುವರಿಸಿದರು. ನಸೀಮಳಿಗೆ ಮದ್ರಸದಲ್ಲಿ ಕಲಿತ ಅರಬಿ ಓದಲಿಕ್ಕೆ ಬರುತ್ತಿತ್ತು, ಅಂಗಡಿಯ ಅರಬಿ ಚೂರುಪಾರು ಆಡಲಿಕ್ಕೆ ಬರುತ್ತಿತ್ತು. ಅಂಜೂರಕ್ಕೆ 'ತೀನ್' ಅನ್ನುತ್ತಾರೆಂಬುದು ನೆನಪಾಗಿ, ಕಾಯಿ ತೋರಿಸಿ "ತೀನ್?" ಎಂದಳು.

"ತೀನ್ ಅಲ್ಲ," ಎಂದರು ಮುದುಕಿ. "ಗುಮ್ಮೇಝ್."

ಯಾಕೆ ಗೀರುವುದು ಎಂದು ಕೇಳುವಷ್ಟು ಅರಬಿ ನಸೀಮಳಲ್ಲಿರಲಿಲ್ಲ. ಕತ್ತಿ ತೋರಿಸಿ, ಕಾಯಿ ತೋರಿಸಿ, ಅಂಗೈ ಮೇಲೆ ಮಾಡಿ ಕಣ್ಣರಳಿಸಿದಳು. ಮುದುಕಿ ನಕ್ಕರು. ಬೆರಳುಗಳನ್ನು ಒಂದೊಂದಾಗಿ ಮಡಚಿ, ಕಣ್ಣು ಮುಚ್ಚಿ ಮಲಗಿದಂತೆ ತಲೆ ವಾಲಿಸಿ, ಎದ್ದಂತೆ ಮಾಡಿ, ಆಮೇಲೆ ಬಾಯಿಗೆ ಕೈಯಿಟ್ಟು ತೋರಿಸಿದರು. ಇಷ್ಟು ರಾತ್ರಿ ಕಳೆದ ಮೇಲೆ ಬಾ, ತಿನ್ನುವಿಯಂತೆ ಎಂದು ಅದರ ಅರ್ಥ. ಹೆಸರು ಕೇಳಿದ್ದಕ್ಕೆ "ಹಗ್ಗ ಸನಿಯ್ಯಾ" ಎಂದರು.

ಹಗ್ಗ! ನಸೀಮ ದಾರಿಯುದ್ದಕ್ಕೂ ನಗು ತಡೆದುಕೊಂಡು ಮನೆ ಸೇರಿದಳು. ಹೆಸರಿನ ಹಿಂದೆ ಹಗ್ಗ ಕಟ್ಟಿಕೊಂಡವರನ್ನು ಅವಳು ಇದೇ ಮೊದಲು ಕಂಡದ್ದು. ಅದು ಹಗ್ಗ ಅಲ್ಲ ಮಾರಾಯ್ತಿ, ಈಜಿಪ್ಟಿನವರಿಗೆ 'ಜ' ಬರುವಲ್ಲೆಲ್ಲ 'ಗ' ಬರುತ್ತದೆ, ಹಜ್ಜಿಗೆ ಹೋಗಿ ಬಂದವರು ಅಂತ ಲೆಕ್ಕ, ನಮ್ಮಲ್ಲಿ ಹಜ್ಜುಮ್ಮ ಅನ್ನುವುದಿಲ್ಲವಾ ಹಾಗೆ ಎಂದು ಯಾಕೂಬ ಬಿಡಿಸಿ ಹೇಳಿದ. ಅವರು ತನ್ನ ಪ್ಲಾಂಟಿನ ಇಂಜಿನಿಯರ್ ಇಮಾದನ ತಾಯಿ ಎಂದೂ ಅವನಿಗೆ ಗೊತ್ತಿತ್ತು. ಸೊಸೆಯ ಬಾಣಂತನಕ್ಕೆಂದು ನೈಲ್ ಮುಖಜ ಭೂಮಿಯ ಯಾವುದೋ ಹಳ್ಳಿಯಿಂದ ಬಂದವರಂತೆ. ಮಗು ನರ್ಸರಿಗೆ ಹೋಗಲಿಕ್ಕೆ ಶುರುಮಾಡಿದರೂ ಮಗ ವಾಪಸು ಕಳಿಸಲಿಲ್ಲವಂತೆ. ಅಂದಿನಿಂದ ನಸೀಮಳಿಗೆ ಅವರು ಹಜ್ಜುಮ್ಮನೇ ಆದರು.

ಹೇಳಿದ ದಿನ ಹೋದಾಗ ನಸೀಮಳ ಕಣ್ಣನ್ನು ಅವಳೇ ನಂಬಲಿಲ್ಲ. ಗೀರದ ಕಾಯಿಗಳು ಮೊದಲಿನ ಹಾಗೇ ಹಸುರು, ಕಲ್ಲು. ಗೀರಿದವು ಮಾತ್ರ ದುಪ್ಪಟ್ಟು ಊದಿ, ನಸುಗೆಂಪು ತಿರುಗಿ, ಮುಟ್ಟಿದರೆ ಮೆತ್ತಗಾಗಿದ್ದವು. ಹಜ್ಜುಮ್ಮ ಒಂದನ್ನು ಕಿತ್ತು ಕೊಟ್ಟರು. ನಸೀಮ ತಿನ್ನಲಿಲ್ಲ, ಮೊದಲು ಬಿಡಿಸಿದಳು. ಅತ್ತಿಹಣ್ಣು ಬಿಚ್ಚಿದರೆ ಹುಳು ಎಂದು ಊರಿನಲ್ಲಿ ಕೂಸಿಗೂ ಗೊತ್ತು. ಒಳಗೆ ಗುಲಾಬಿ ಬಣ್ಣದ ತಿರುಳಷ್ಟೇ ಇತ್ತು. ಹುಳುವಿಲ್ಲ, ನೊಣವಿಲ್ಲ. ಬಾಯಿಗಿಟ್ಟಳು. ಅಂಜೂರದಷ್ಟು ಸಿಹಿಯಲ್ಲ, ನೀರು ನೀರು, ತೆಳ್ಳಗಿನ ಬೆಲ್ಲದ ಪಾನಕದ ಹಾಗೆ. ಆದರೆ ಒಂದು ತಿಂದವಳು ಇನ್ನೊಂದಕ್ಕೆ ಕೈ ಚಾಚಿದಳು.

ಸಂಜೆ ಯಾಕೂಬನ ಮುಂದೆ ಎರಡು ಹಣ್ಣಿಟ್ಟು, ಗಾಯ ಮಾಡಿದರೆ ಕಾಯಿ ಹಣ್ಣಾಗುವುದು ಯಾವ ಲೆಕ್ಕ ಎಂದು ಕೇಳಿದಳು. ಅವನಿಗೂ ಈ ಸಲ ಕುತೂಹಲ ಹತ್ತಿತು. ಮೊಬೈಲಿನಲ್ಲಿ ಹುಡುಕಿ ಓದುತ್ತ ಓದುತ್ತ ಸೋಫಾದಲ್ಲಿ ನೆಟ್ಟಗೆ ಕೂತ.

"ಇಲ್ಲಿ ನೋಡು. ಗಾಯವಾದ ಕೂಡಲೇ ಕಾಯಿಯೊಳಗೆ ಒಂದು ಗ್ಯಾಸು ಹುಟ್ಟುತ್ತದಂತೆ. ಆ ಗ್ಯಾಸೇ ಅದನ್ನು ಹಣ್ಣು ಮಾಡುವುದು. ಯಾವ ಗ್ಯಾಸು ಗೊತ್ತುಂಟಾ? ಎಥಿಲೀನ್."

"ಅದೆಂತದು?"

"ನಮ್ಮ ಪ್ಲಾಂಟಿನಲ್ಲಿ ಹಗಲೂ ರಾತ್ರಿ ಮಾಡುವುದೇ ಅದನ್ನು. ಇಷ್ಟು ಪೈಪು, ಇಷ್ಟು ಬೆಂಕಿ, ಇಷ್ಟು ಜನ ಸೇರಿ ಮಾಡುವುದನ್ನು ಆ ಕಾಯಿ ಒಂದು ಗೀರಿಗೆ ಮಾಡ್ತದೆ."

ಅವನು ಎರಡನೆಯ ಹಣ್ಣನ್ನೂ ತಿಂದು, ಕಿಟಕಿಯಿಂದ ಚಿಮಣಿಯ ಬೆಂಕಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ.

ಆ ಸಲದ ಕಾಯಿ ಅಲ್ಲಿಗೆ ಮುಗಿಯಿತು, ಆದರೆ ನಸೀಮಳ ಪ್ರಶ್ನೆಗಳು ಮುಗಿಯಲಿಲ್ಲ. ಸಂಜೆ ಹೊತ್ತು ಟ್ಯಾಂಕಿನ ಕಟ್ಟೆ ಇಬ್ಬರಿಗೂ ಖಾಯಂ ಆಯಿತು. ಗರ್ಟ್ರೂಡ್ ರಜೆಯಿದ್ದ ದಿನ ಫ್ಲಾಸ್ಕಿನಲ್ಲಿ ಚಹಾ ತಂದು ಕೂರುತ್ತಿದ್ದಳು. ಮೂರು ತಿಂಗಳಲ್ಲಿ ನಸೀಮಳ ಅರಬಿ ಎಲ್ಲಿಗೆ ಮುಟ್ಟಿತೆಂದರೆ, ಅವಳು ಗ್ರೋಸರಿಯಲ್ಲಿ ಬಾಯಿ ಬಿಟ್ಟರೆ ಮಲಯಾಳಿ ಅಂಗಡಿಯವನು, ನೀವು ಯಾವಾಗ ಈಜಿಪ್ಟಿನವರಾದಿರಿ ಎಂದು ಕೇಳುವಷ್ಟು. ಗೊತ್ತಾಗದ ಶಬ್ದ ಬಂದಾಗ ಹಜ್ಜುಮ್ಮ ಮರಳಿನ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದು ತೋರಿಸುತ್ತಿದ್ದರು.

ಅವರ ಹಳ್ಳಿ ಕಾಲುವೆಯ ದಂಡೆಯಲ್ಲಿತ್ತು. ಕಾಲುವೆಯ ಬದಿಯಲ್ಲೊಂದು ನೀರೆತ್ತುವ ಚಕ್ರ, ಅದರ ಪಕ್ಕ ಗುಮ್ಮೇಝ್ ಮರ. ಚಕ್ರಕ್ಕೆ ಕಟ್ಟಿದ ಎಮ್ಮೆ ದಿನವಿಡೀ ಸುತ್ತು ಹಾಕುವಾಗ ತಲೆಗೆ ನೆರಳಿರಲಿ ಎಂದೇ ಹಿಂದಿನವರು ಅಲ್ಲಿ ಆ ಮರ ನೆಡುತ್ತಿದ್ದರಂತೆ. ಚಕ್ರ ಹೋಗಿ ಡೀಸೆಲ್ ಪಂಪು ಬಂತು, ಮರ ಉಳಿಯಿತು. ಮರ್ಯಮರು ಕೂಸನ್ನೆತ್ತಿಕೊಂಡು ಈಜಿಪ್ಟಿಗೆ ಬಂದಾಗ ಇಂಥದೇ ಮರದಡಿಯಲ್ಲಿ ದಣಿವಾರಿಸಿಕೊಂಡರೆಂದು ಹಳ್ಳಿಯ ಮುಸ್ಲಿಮರೂ ಕ್ರೈಸ್ತರೂ ಒಟ್ಟಿಗೆ ನಂಬುತ್ತಾರೆ ಎಂದು ಹಜ್ಜುಮ್ಮ ಹೇಳಿದ ದಿನ, ಅಲ್ಲಿಯವರೆಗೆ ನಿಂತೇ ಚಹಾ ಕುಡಿಯುತ್ತಿದ್ದ ಗರ್ಟ್ರೂಡ್ ಮರದ ಬುಡಕ್ಕೆ ಬಂದು ಕೂತಳು.

ಇಂಗ್ಲಿಷ್ ತಿಂಗಳು ಹಜ್ಜುಮ್ಮನಿಗೆ ಲೆಕ್ಕಕ್ಕಿಲ್ಲ. ಅವರ ಹಳ್ಳಿಯಲ್ಲಿ ಬೇಸಾಯದ ತಿಂಗಳುಗಳೇ ಬೇರೆ, ಒಂದೊಂದಕ್ಕೂ ಒಂದೊಂದು ಗಾದೆ. ಗೋಧಿ ಬಿತ್ತುವ ಹಾತೂರ್ ಎಂದರೆ ಚೆಲ್ಲಿದ ಚಿನ್ನದ ಅಪ್ಪ. ಹಗಲು ಮೋಟಾಗುವ ಕಿಯಾಹ್ಕಿನಲ್ಲಿ ನಿನ್ನ ಬೆಳಗೇ ನಿನ್ನ ಸಂಜೆ. ತೂಬದ ಚಳಿ ಹರೆಯದ ಹುಡುಗಿಯನ್ನು ಮುದುಕಿ ಮಾಡುತ್ತದೆ. ಆಗ ಮನೆಯವರೆಲ್ಲ ಹತ್ತಿಯ ಒಣಕಡ್ಡಿ ಉರಿಸಿದ ಮಣ್ಣಿನ ಒಲೆಯ ಬೆಚ್ಚನೆ ಬೆನ್ನ ಮೇಲೆ ಸಾಲಾಗಿ ಮಲಗುತ್ತಿದ್ದರಂತೆ. ರೊಟ್ಟಿ ಸುಡುವ ಒಲೆಯ ಮೇಲೆ ಮನುಷ್ಯರು ಮಲಗುವುದು ಹೇಗೆ ಎಂದು ನಸೀಮ ನಂಬದೆ ಹೋದದ್ದಕ್ಕೆ, ಹಜ್ಜುಮ್ಮ ಒದ್ದೆ ಮರಳಲ್ಲಿ ಒಲೆಯನ್ನೇ ಕಟ್ಟಿ, ಬೆಂಕಿ ಇಲ್ಲಿ, ರೊಟ್ಟಿ ಇಲ್ಲಿ, ನಾನು ಇಲ್ಲಿ, ಬೆಕ್ಕು ಇಲ್ಲಿ ಎಂದು ತೋರಿಸಿದರು.

ಅಮ್ಶೀರ್ ಎಂದರೆ ಗಾಳಿಯ ತಿಂಗಳು ಎಂದ ವಾರವೇ ರುವೈಸಿನಲ್ಲೂ ಮರಳುಗಾಳಿ ಬೀಸಿ ಮೂವರನ್ನೂ ಮನೆಯೊಳಗೆ ಕೂರಿಸಿತು. ಬರಮ್ಹಾತ್ ಬಂದರೆ 'ಗದ್ದೆಗೆ ಹೋಗು, ಹೊತ್ತು ತಾ.' ಹಸಿ ಅವರೆಯ ಹಾಗಿನ ಬೀನ್ಸು, ಮಕ್ಕಳ ಬಾಯಿ ನೇರಳೆ ಮಾಡುವ ಹಿಪ್ಪುನೇರಳೆ, ಗಂಡು ಖರ್ಜೂರದ ಹೂವನ್ನು ಸೊಂಟಕ್ಕೆ ಕಟ್ಟಿಕೊಂಡು ಹೆಣ್ಣು ಮರ ಹತ್ತುವ ಗಂಡಸರು. ಇದನ್ನು ಕೇಳಿದ ಮರುದಿನ ನಸೀಮ ರಸ್ತೆ ಬದಿಯ ಖರ್ಜೂರದ ಮರಗಳ ಮೇಲೆ ಏಣಿ ಇಟ್ಟು ಕೆಲಸ ಮಾಡುತ್ತಿದ್ದವರನ್ನು ಕಂಡು ನಿಂತಳು. ಅವರ ಕೈಯಲ್ಲೂ ಬಿಳಿಯ ಹೂವಿನ ಕಡ್ಡಿಗಳಿದ್ದವು. ಎಷ್ಟು ವರ್ಷದಿಂದ ಈ ದೇಶದಲ್ಲಿದ್ದಾಳೆ, ಪ್ರತಿ ಮಾರ್ಚಿನಲ್ಲೂ ಈ ಕೆಲಸ ಅವಳ ಕಣ್ಣೆದುರೇ ನಡೆದಿದೆ, ಅದೇನೆಂದು ಒಮ್ಮೆಯೂ ಕೇಳಿರಲಿಲ್ಲ. ಇಲ್ಲಿ ಬಿಸಿಲು ಮತ್ತು ಏಸಿ ಎರಡೇ ಕಾಲ ಅಂದುಕೊಂಡಿದ್ದವಳು ಆ ಮೇಲೆ ಮರಗಳ ತಲೆ ನೋಡುತ್ತ ನಡೆಯತೊಡಗಿದಳು.

'ಬಶನ್ಸ್ ಬಂದರೆ ಗದ್ದೆಯನ್ನು ಗುಡಿಸಿ ಹಾಕುತ್ತದೆ' ಎಂದು ಗೋಧಿ ಕೊಯ್ಲಿನ ಗಾದೆ. ಅದೇ ಹೊತ್ತಿಗೆ, ಮೇ ತಿಂಗಳಲ್ಲಿ, ಟ್ಯಾಂಕಿನ ಹಿಂದಿನ ಮರ ಹುಚ್ಚು ಹಿಡಿದಂತೆ ಕಾಯಿ ಬಿಟ್ಟಿತು. ಬುಡದಿಂದ ನೆತ್ತಿಯ ತನಕ ಗೊಂಚಲು. ಹಜ್ಜುಮ್ಮನ ಕೈ ಮೇಲಿನವಕ್ಕೆ ಎಟಕಲಿಲ್ಲ. ಅವರು ಕತ್ತಿಯನ್ನು ಉದ್ದನೆಯ ಕೋಲಿಗೆ ಕಟ್ಟಿಕೊಂಡರು. ಅಲ್ಲಿಂದ ತಾಪತ್ರಯ ಶುರುವಾಯಿತು.

ಹೊಸದಾಗಿ ಬಂದ ಯಾರೋ ಒಬ್ಬರು ದೂರದಿಂದ ಫೋಟೋ ತೆಗೆದು ಕಾಲನಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮಕ್ಕಳು ಆಡುವ ಜಾಗದ ಹತ್ತಿರ ಅಪರಿಚಿತ ಹೆಂಗಸು ಕೋಲಿಗೆ ಕತ್ತಿ ಕಟ್ಟಿಕೊಂಡು ತಿರುಗುತ್ತಿದ್ದಾಳೆ ಎಂದು ಕೆಳಗೆ ಬರೆದಿದ್ದರು. ಸೆಕ್ಯೂರಿಟಿಯವನು ಬಂದ, ಮರ್ಯಾದೆಯಿಂದಲೇ ಕೋಲು, ಕತ್ತಿ ಇಸಿದುಕೊಂಡ, ಹಜ್ಜುಮ್ಮನನ್ನು ಮನೆ ತನಕ ಬಿಟ್ಟು ಬಂದ. ಆಫೀಸಿನಲ್ಲಿದ್ದ ಇಮಾದನಿಗೂ ಫೋನು ಹೋಯಿತು. ಅವನು ನಾಚಿಕೆಯಿಂದ ಕುಗ್ಗಿಹೋದ. ಇನ್ನು ಆ ಕಡೆ ಹೋಗುವುದು ಬೇಡ, ಹಣ್ಣು ಬೇಕಾದರೆ ಲುಲು ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ತಂದು ಹಾಕುತ್ತೇನೆ ಎಂದು ತಾಯಿಗೆ ಹೇಳಿದ.

ಕಟ್ಟೆ ಖಾಲಿಯಾಯಿತು. ಮನೆಗೆ ಹೋಗಿ ನೋಡಿದರೆ ಹಜ್ಜುಮ್ಮ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ನಸೀಮ ಏನೇನೋ ಕೇಳಿದಳು. ಎಲ್ಲದಕ್ಕೂ ಅಲ್‌ಹಮ್ದುಲಿಲ್ಲಾ ಎಂಬ ಒಂದೇ ಉತ್ತರ. ಹೊರಡುವಾಗ ಮಾತ್ರ ಅವರು ಮೆಲ್ಲಗೆ, ಈ ವಾರ ಗೀರದಿದ್ದರೆ ಅಷ್ಟೂ ಕಾಯಿ ಕಲ್ಲಾಗಿ ಉದುರುತ್ತದೆ ಎಂದರು.

ನಸೀಮ ಅಡುಗೆಮನೆಯಲ್ಲಿ ಸೌತೆಕಾಯಿ ಸಿಪ್ಪೆ ಹೆರೆಯುತ್ತಿದ್ದಾಗ ಅವಳ ಕೈ ನಿಂತಿತು. ಪೀಲರ್! ಇದರಿಂದ ಯಾರನ್ನೂ ಹೆದರಿಸಲಿಕ್ಕಾಗದು. ಗೋಡೆಗೆ ಬಣ್ಣ ಬಳಿದು ಉಳಿದ ರೋಲರಿನ ಉದ್ದನೆಯ ಹಿಡಿಕೆ ಸ್ಟೋರಿನಲ್ಲಿತ್ತು. ಅದರ ತುದಿಗೆ ಪೀಲರ್ ಬಿಗಿದು, ನೇರ ಸೆಕ್ಯೂರಿಟಿ ಕೋಣೆಗೆ ಹೋಗಿ, ಇದು ಹಿಡಿದುಕೊಂಡು ಮರದ ಹತ್ತಿರ ನಿಂತರೆ ತಪ್ಪುಂಟಾ ಎಂದು ಕೇಳಿದಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಲೂಗಡ್ಡೆ ಹೆರೆಯುವುದಕ್ಕೆ ನನ್ನ ಅನುಮತಿ ಬೇಡ ಮೇಡಂ ಎಂದ.

ಮಾರನೆಯ ಸಂಜೆ ಅವಳು ಇಮಾದನ ಬಾಗಿಲಿಗೆ ಹೋಗಿ, ತಾನೂ ಜೊತೆಗಿರುತ್ತೇನೆ, ಗರ್ಟ್ರೂಡಳೂ ಇರುತ್ತಾಳೆ, ತಾಯಿಯನ್ನು ಕಳಿಸಿಕೊಡಿ ಎಂದು ಕೇಳಿದಳು. ಇಮಾದ ಹಿಂದೆಮುಂದೆ ನೋಡಿದ. ಅಷ್ಟರಲ್ಲಿ ಹಜ್ಜುಮ್ಮ ಚಪ್ಪಲಿ ಮೆಟ್ಟಿ ಅವನ ಪಕ್ಕದಿಂದ ಹೊರಗೆ ಬಂದಾಗಿತ್ತು. ಮರದಡಿಯಲ್ಲಿ ಅವರು ಪೀಲರನ್ನು ಕಂಡು ಬಾಯಿಗೆ ನಿಲುವಂಗಿಯ ತೋಳು ಅಡ್ಡ ಹಿಡಿದು ನಕ್ಕರು. ಆದರೆ ಅದು ಕೆಲಸ ಮಾಡಿತು. ಕಾಯಿಯ ಬದಿಯಿಂದ ಒಂದು ತೆಳುವಾದ ಚಕ್ಕೆ ಹಾರಿಸಿದರೆ ಸಾಕಿತ್ತು. ನಸೀಮಳ ಮೊದಲಿನ ಕಾಯಿಗಳು ಆಳಕ್ಕೆ ಗಾಯವಾಗಿ ಕೊಳೆತವು. ಮೇಲುಮೇಲಕ್ಕೆ ಮುಟ್ಟಬೇಕು, ಕೋಪದಿಂದಲ್ಲ ಎಂದು ಹಜ್ಜುಮ್ಮ ಕೈಹಿಡಿದು ತೋರಿಸಿದರು. ಹಣ್ಣಾದ ಮೇಲೆ ಬುಟ್ಟಿ ಮನೆಮನೆಗೆ ಹೋಯಿತು, ಸೆಕ್ಯೂರಿಟಿ ಕೋಣೆಗೂ, ಫೋಟೋ ಹಾಕಿದವರ ಮನೆಗೂ. ಅವರು ಅದೇ ಗುಂಪಿನಲ್ಲಿ ಹಣ್ಣಿನ ಫೋಟೋ ಹಾಕಿ, ಇದನ್ನು ಫ್ರಿಡ್ಜಿನಲ್ಲಿ ಇಡಬಹುದೇ ಎಂದು ವಿಚಾರಿಸಿದರು.

ಜೂನಿನ ಒಂದು ಸಂಜೆ ಹಜ್ಜುಮ್ಮ ಮರದ ಕಾಂಡಕ್ಕೆ ಅಂಗೈ ಒತ್ತಿ ನಿಂತು, "ಇದನ್ನು ಇಲ್ಲಿ ಯಾರು ತಂದಿಟ್ಟರು?" ಎಂದು ಕೇಳಿದರು. ಹಕ್ಕಿ ತಂದಿರಬಹುದು ಎಂದಳು ನಸೀಮ. ಅವರು ತಲೆಯಾಡಿಸಿದರು. "ಗುಮ್ಮೇಝ್ ನಮ್ಮಲ್ಲಿ ಬೀಜದಿಂದ ಹುಟ್ಟುವುದಿಲ್ಲ ಮಗಳೇ. ಕೊಂಬೆ ಕಡಿದು ನೆಡಬೇಕು. ಇದಕ್ಕೆ ಯಾರದೋ ಕೈ ಬೇಕು."

ಯಾರ ಕೈ? ನಸೀಮಳಿಗೆ ಆ ರಾತ್ರಿ ನಿದ್ದೆ ಸರಿಯಾಗಲಿಲ್ಲ. ಕಂಪೆನಿಯ ಗಾರ್ಡನ್ ವಿಭಾಗದಲ್ಲಿ ವಿಚಾರಿಸಿದರೆ, ನಾವು ಬರುವಾಗಲೇ ಇತ್ತು ಎಂಬ ಉತ್ತರ. ಕೊನೆಗೆ ಯಾಕೂಬ ಒಂದು ಉಪಾಯ ಹೇಳಿದ. ಗಲ್ಫಿನಲ್ಲಿ ಬ್ಯಾರಿಗಳಿಗೆ ಗೊತ್ತಿಲ್ಲದ ಸಂಗತಿ ಇರಲಿಕ್ಕಿಲ್ಲ, ಊರಿನ ಜಮಾಅತಿನ ಗುಂಪಿಗೆ ಒಂದು ವಾಯ್ಸ್ ಹಾಕು ಎಂದ. ರುವೈಸ್ ಕಾಲನಿ ಹೊಸದಾಗಿದ್ದಾಗ ಅಲ್ಲಿ ತೋಟದ ಕೆಲಸ ಮಾಡಿದವರು ಯಾರಾದರೂ ಇದ್ದಾರಾ ಎಂದು ನಸೀಮ ಕೇಳಿ ಹಾಕಿದಳು. ವಾಯ್ಸ್ ಪುತ್ತೂರಿಗೆ ಹೋಯಿತು, ಜುಬೈಲಿಗೆ ಹೋಯಿತು, ಯಾರ್ಯಾರದೋ ಸೋದರಮಾವಂದಿರಿಗೆ ಹೋಯಿತು. ವಾರ ಕಳೆದ ಮೇಲೆ ದುಬೈಯ ಮುಹೈಸ್ನಾದಿಂದ ಒಂದು ಫೋನು ಬಂತು.

ಅಲಿಕುಂಞಿ ಎಂಬವರು, ವಿಟ್ಲದ ಕಡೆಯವರು. ಈಗ ಅಲ್ಲಿಯ ಕಾರ್ಮಿಕರ ಕ್ಯಾಂಪೊಂದರಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದಾರೆ. ಹರೆಯದಲ್ಲಿ ರುವೈಸಿನಲ್ಲಿ ತೋಟದ ಕೆಲಸಕ್ಕಿದ್ದರಂತೆ. ನೀರಿನ ಟ್ಯಾಂಕಿನ ಹಿಂದಿನ ಮರ ಅಂದದ್ದೇ ಅವರ ದನಿ ಏರಿತು.

"ಆ ಮರ ಇನ್ನೂ ಉಂಟಾ?" ಎಂದು ಕೇಳಿದರು.

ಜುಲೈಯ ಒಂದು ಶುಕ್ರವಾರ ಕಾರು ದುಬೈಗೆ ಹೊರಟಿತು. ಮಗಳನ್ನು ನೋಡಿದ ಹಾಗೂ ಆಗುತ್ತದೆ, ಅಲಿಕುಂಞಿಯವರಿಗೆ ಹಣ್ಣು ಮುಟ್ಟಿಸಿದ ಹಾಗೂ ಆಗುತ್ತದೆ ಎಂದು ಯಾಕೂಬ ರಜೆ ಹಾಕಿದ್ದ. ಹಜ್ಜುಮ್ಮನನ್ನು ಕಾರಿನ ತನಕ ಕರೆತಂದ ಇಮಾದ ಹಿಂದಿನ ಸೀಟಿನ ಬುಟ್ಟಿಯ ಬಟ್ಟೆ ಸರಿಸಿ ನೋಡಿದ. ಒಂದು ಹಣ್ಣೆತ್ತಿ, ಇಸ್ತ್ರಿ ಹಾಕಿದ ಅಂಗಿಗೆ ರಸ ಬೀಳದ ಹಾಗೆ ಮುಂದಕ್ಕೆ ಬಾಗಿ, ನಿಂತಲ್ಲೇ ತಿಂದ. ಆಮೇಲೆ ಇನ್ನೊಂದು ತೆಗೆದುಕೊಂಡ. ತಾಯಿ ಬುಟ್ಟಿಯನ್ನು ಅವನ ಕಡೆಗೆ ತುಸು ವಾಲಿಸಿದರು. ಬೇಸಗೆ ಕಳೆದ ಮೇಲೆ ಗೋಧಿ ಬಿತ್ತುವ ಹೊತ್ತಿಗೆ ಅವರನ್ನು ಊರಿಗೆ ಕಳಿಸುವುದೆಂದು ಆ ವಾರ ತಾನೇ ತಾಯಿ ಮಗನಲ್ಲಿ ಮಾತಾಗಿತ್ತು.

ಮುಹೈಸ್ನಾದ ಕ್ಯಾಂಪಿನ ಗೇಟಿನೆದುರಿನ ಕೆಫೆಟೇರಿಯಾದ ಹೊರಗೆ ಅಲಿಕುಂಞಿ ಕಾಯುತ್ತಿದ್ದರು. ಬಿಳಿ ಗಡ್ಡ, ಮಡಿಕೆ ಬಿಚ್ಚಿದ ಹೊಸ ಅಂಗಿ. ಒಳಗೆ ಕೂತು ಚಹಾ ಹೇಳಿದ ಮೇಲೆ ನಸೀಮ ಬುಟ್ಟಿ ಮುಂದಿಟ್ಟಳು. ಅವರು ಒಂದು ಹಣ್ಣು ತೆಗೆದುಕೊಂಡು, ಕರಾವಳಿಯಲ್ಲಿ ಹುಟ್ಟಿದ ಯಾರಾದರೂ ಮಾಡುವಂತೆ, ಮೊದಲು ಬಿಡಿಸಿ ಹುಳುವಿದೆಯೋ ನೋಡಿದರು. ನಸೀಮ, ಯಾಕೂಬ ಮುಖಮುಖ ನೋಡಿಕೊಂಡು ನಕ್ಕರು. ಅಲಿಕುಂಞಿ ನಿಧಾನಕ್ಕೆ ತಿಂದರು. ಸಿಪ್ಪೆಯನ್ನೂ ಬಿಡಲಿಲ್ಲ.

ಅವರ ಅರಬಿ ಸಲೀಸಾಗಿತ್ತು. ಮರದ ಕಥೆಯನ್ನು ಹಜ್ಜುಮ್ಮನಿಗೇ ನೇರವಾಗಿ ಹೇಳಿದರು. ಕಾಲನಿಯ ಶಾಲೆಯಲ್ಲಿ ಗಿರ್ಗಿಸ್ ಎಂಬ ಈಜಿಪ್ಟಿನ ಮೇಷ್ಟ್ರಿದ್ದರು. ಒಂದು ರಜೆ ಮುಗಿಸಿ ಬರುವಾಗ ತೋಳುದ್ದದ ಒಂದು ಕೋಲನ್ನು ಒದ್ದೆ ಟವೆಲಿನಲ್ಲಿ ಸುತ್ತಿ ತಂದರು. ಟ್ಯಾಂಕು ಸೋರುವ ಜಾಗ ನೋಡಿ ಅಲ್ಲಿ ಊರಿದರು. ಎಲೆಯೊಡೆದದ್ದನ್ನು ಕಂಡರು ಕೂಡ. ಮುಂದಿನ ರಜೆಗೆ ಹೋಗುವಾಗ, ನಾನು ಬರುವ ತನಕ ನೀರು ಹಾಕುತ್ತಿರು ಎಂದು ಅಲಿಕುಂಞಿಗೆ ಹೇಳಿ ಹೋದವರು ತಿರುಗಿ ಬರಲಿಲ್ಲ. ಬೇರೆ ಕೆಲಸ ಸಿಕ್ಕಿತೋ, ಏನಾಯಿತೋ, ಹೇಳುವವರಿರಲಿಲ್ಲ. ಅಲಿಕುಂಞಿ ನೀರು ಹಾಕಿದರು. ಅದರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಮರ ಕಾಯಿ ಬಿಟ್ಟಿತು, ಕಾಯಿ ಕಲ್ಲಾಗಿ ಉದುರಿತು. ಉಪಯೋಗವಿಲ್ಲದ ಮರ ಎಂದು ತೆಗೆಸಲು ಬಂದವರಿಗೆಲ್ಲ, ನೆರಳುಂಟಲ್ಲ ಎಂದು ಸಮಾಧಾನ ಹೇಳಿ ಕಳಿಸುವುದೇ ಇವರ ಪಾಲಿಗೆ ಬಂತು. ಕೆಲಸ ಬಿಟ್ಟು ದುಬೈಗೆ ಬರುವವರೆಗೂ ನೀರು ನಿಲ್ಲಿಸಲಿಲ್ಲ.

"ಏನು ಮರ ಅಂತಲೇ ಗೊತ್ತಿಲ್ಲದೆ ಇಷ್ಟು ವರ್ಷ ಯಾಕೆ ನೀರು ಹಾಕಿದಿರಿ?" ಎಂದು ಹಜ್ಜುಮ್ಮ ಕೇಳಿದರು.

ಅಲಿಕುಂಞಿ ಚಹಾದ ಲೋಟ ಕೆಳಗಿಟ್ಟರು. "ಬರುವ ತನಕ ಹಾಕು ಅಂದಿದ್ದರು. ಸಾಕು ಅಂತ ಯಾರೂ ಹೇಳಲಿಲ್ಲ."

ಹಜ್ಜುಮ್ಮ ಎರಡೂ ಕೈ ಎತ್ತಿ ದುಆ ಮಾಡಿದರು, ಮೊದಲು ಮೇಷ್ಟ್ರಿಗೆ, ಆಮೇಲೆ ಇವರಿಗೆ. ಅಲಿಕುಂಞಿ ತಲೆ ತಗ್ಗಿಸಿ ಆಮೀನ್ ಅಂದರು. ತುಸು ಹೊತ್ತಿಗೆ ಅವರೂ ಕೇಳುವವರಾದರು. ಗೀರುವುದು ಯಾವ ಬದಿಗೆ? ಎಷ್ಟು ಆಳ? ಬೆಳಿಗ್ಗೆಯೋ ಸಂಜೆಯೋ? ಇದನ್ನು ಮೊತ್ತಮೊದಲು ಕಂಡುಹಿಡಿದವರು ಯಾರು? ಕೊನೆಯದಕ್ಕೆ ಹಜ್ಜುಮ್ಮ, ನನಗೆ ನನ್ನ ತಾಯಿ, ಅವಳಿಗೆ ಅವಳ ತಾಯಿ, ಅದರಾಚೆ ನೈಲ್ ನದಿಯನ್ನೇ ಕೇಳಬೇಕು ಎಂದರು. ಹೊರಡುವಾಗ ಅಲಿಕುಂಞಿ ಬುಟ್ಟಿಯನ್ನು ಎದೆಗವಚಿಕೊಂಡು, ಕ್ಯಾಂಪಿನ ಹುಡುಗರಿಗೆಲ್ಲ ಒಂದೊಂದು ಕೊಡುತ್ತೇನೆ, ಬಿಡ್ಸಿ ನೋಡದೆ ತಿನ್ನುವವ ಯಾರಾದರೂ ಇದ್ದಾನಾ ನೋಡುತ್ತೇನೆ ಎಂದರು.

ಸಿಲಿಕಾನ್ ಓಯಸಿಸಿನಲ್ಲಿ ಸಬೀನಳ ಕೈಯ ಊಟ ಮುಗಿಸಿ ವಾಪಸು ಹೊರಟಾಗ ಬಿಸಿಲು ಇಳಿಯುತ್ತಿತ್ತು. ಅಬುಧಾಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬರೀ ಮರಳು. ಹಜ್ಜುಮ್ಮ ನಿದ್ದೆ ಹೋದರೆಂದು ನಸೀಮ ತಿಳಿದಿದ್ದಳು. ಆದರೆ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಇಷ್ಟು ತಿಂಗಳು ನೀನೇ ಕೇಳಿದೆ, ನಾನೇ ಹೇಳಿದೆ. ಈಗ ನೀನು ಹೇಳು. ನಿನ್ನ ಹಳ್ಳಿಯಲ್ಲಿ ಇದು ಯಾವ ತಿಂಗಳು? ಮರಗಳು ಏನು ಮಾಡುತ್ತಿವೆ?"

ನಸೀಮ ಬಾಯಿ ತೆರೆದಳು. ಆಟಿ ಅಂದಳು. ಆಟಿಯಲ್ಲಿ ಮಳೆ ಅಂದಳು. ಮಳೆಗೆ ಯಾರೂ ಹೊರಗೆ ಹೋಗುವುದಿಲ್ಲ, ಬೇಸಗೆಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆ ತೆಗೆದು ಪಲ್ಯ ಮಾಡುತ್ತಾರೆ, ಕೆಸುವಿನ ಎಲೆಯ ಪತ್ರೊಡೆ ಮಾಡುತ್ತಾರೆ ಅಂದಳು. ಅಷ್ಟಕ್ಕೆ ಅವಳ ಗಂಟು ಖಾಲಿ. ಗಾದೆಗಳಿರಲಿಲ್ಲವೇ? ಇದ್ದವು, ಉಮ್ಮ ಹೇಳುತ್ತಿದ್ದರು. ಇರುವೆಗೂ ಪ್ರಶ್ನೆ ಕೇಳುವವಳು ಅದನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ. ಅವಳು ಫೋನು ತೆಗೆದು ಸ್ಪೀಕರಿಗೆ ಹಾಕಿದಳು.

ಉಪ್ಪಿನಂಗಡಿಯಲ್ಲಿ ಬೀಫಾತಿಮ ರಾತ್ರಿಯೂಟಕ್ಕೆ ಕೂತಿದ್ದರು. ಹಿಂದೆ ನಸೀಮಳ ತಮ್ಮನ ಮಕ್ಕಳ ಜಗಳ, ಮಾಡಿನ ಮೇಲೆ ಮಳೆಯ ಸದ್ದು. ಈಜಿಪ್ಟಿನ ಹಜ್ಜುಮ್ಮನಿಗೆ ಆಟಿಯ ವಿಷಯ ಬೇಕಂತೆ ಎಂದದ್ದಕ್ಕೆ, ಅದೆಲ್ಲ ಅವರಿಗೆ ಯಾಕೆ ಎಂದು ಗೊಣಗಿದರೂ, ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ಎಳೆ ಬಿದಿರಿನ ಕಣಿಲೆ ನೀರಿನಲ್ಲಿ ಎಷ್ಟು ದಿನ ಹಾಕಬೇಕು, ತಗತೆ ಸೊಪ್ಪು ಎಲ್ಲಿ ಹುಟ್ಟುತ್ತದೆ, ಹಲಸಿನ ಬೀಜಕ್ಕೆ ಯಾವ ಮಣ್ಣು ಮೆತ್ತಿಟ್ಟರೆ ಹುಳು ಹಿಡಿಯುವುದಿಲ್ಲ. ನಸೀಮ ಒಂದೊಂದನ್ನೂ ಈಜಿಪ್ಟಿನ ಅರಬಿಗೆ ತಿರುಗಿಸಿ ತಿರುಗಿಸಿ ಸುಸ್ತಾದಳು. ಆಟಿ ಅಮಾವಾಸ್ಯೆಗೆ ಕೆಳಗಿನ ಮನೆಯ ಪೂವಕ್ಕನವರು ಹಾಲೆಮರದ ತೊಗಟೆ ತೆಗೆದು ಕಷಾಯ ಮಾಡುತ್ತಾರೆ, ನಮಗೂ ಒಂದು ಲೋಟ ಕಳಿಸುತ್ತಾರೆ ಎಂದರು ಬೀಫಾತಿಮ. ಬೆಳಕು ಹರಿಯುವ ಮೊದಲು ಹೋಗಿ, ಕಲ್ಲಿನಿಂದ ಜಜ್ಜಿಯೇ ತೊಗಟೆ ತೆಗೆಯಬೇಕು. ಆ ದಿನ ಮರಕ್ಕೆ ಕಬ್ಬಿಣ ತಾಗಿಸುವಂತಿಲ್ಲ.

ಹಜ್ಜುಮ್ಮ ಎದ್ದು ಕೂತರು. "ಕಬ್ಬಿಣ ಯಾಕಾಗದು?"

ನಸೀಮ ಆ ಪ್ರಶ್ನೆಯನ್ನು ಆ ಕಡೆಗೆ ದಾಟಿಸಿದಳು. ಬೀಫಾತಿಮ, ಇಷ್ಟು ವರ್ಷ ಕಷಾಯ ಕುಡಿದಿದ್ದೇನೆ, ಅದನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ ಎಂದರು. ಊಟದ ಬಟ್ಟಲು ಸರಿಸಿದ ಸದ್ದಾಯಿತು. ಪೂವಕ್ಕ ಇನ್ನೂ ಮಲಗಿರಲಿಕ್ಕಿಲ್ಲ, ಫೋನು ಇಡಬೇಡ, ಕೊಡೆ ಹಿಡ್ಕೊಂಡು ಹೋಗಿ ಕೇಳಿಯೇ ಬರುತ್ತೇನೆ ಎಂದರು.